ನೋಡುವವನನ್ನು ಹುಡುಕದೆ ತಿಳಿಯುವ ಬಗೆ

ಅದ್ವೈತದ ಪ್ರಕಾರ ಚೈತನ್ಯವು ಮನಸ್ಸಿನ ಗುಣವಲ್ಲ. ಮನಸ್ಸೂ ಸೇರಿದಂತೆ ಎಲ್ಲವೂ ಯಾವುದರ ಬೆಳಕಿನಲ್ಲಿ ತೋರುತ್ತದೆಯೋ ಅದೇ ಚೈತನ್ಯ. ಇದನ್ನು ಪರೀಕ್ಷಿಸಿ ನೋಡಲು ‘ದೃಗ್ದೃಶ್ಯ ವಿವೇಕ’ ಎಂಬ ವೇದಾಂತ ಗ್ರಂಥದ ಮೊದಲ ಶ್ಲೋಕದಲ್ಲಿರುವ ಕ್ರಮವನ್ನೇ ಹಿಡಿಯಬಹುದು: ರೂಪಕ್ಕೆ ಕಣ್ಣು ದೃಕ್ಕು (ನೋಡುವಂಥದ್ದು), ಕಣ್ಣಿಗೆ ಮನಸ್ಸು ದೃಕ್ಕು, ಮನಸ್ಸಿನ ವೃತ್ತಿಗಳಿಗೆ (ಅದರಲ್ಲಿ ಏಳುವ ಯೋಚನೆ-ಭಾವನೆಗಳಿಗೆ) ಸಾಕ್ಷಿಯು ದೃಕ್ಕು, ಆ ಸಾಕ್ಷಿ ಮಾತ್ರ ಎಂದೂ ದೃಶ್ಯವಾಗುವುದಿಲ್ಲ, ಅಂದರೆ ಕಾಣಿಸಿಕೊಳ್ಳುವ ವಸ್ತುವಾಗುವುದಿಲ್ಲ.

ಕನ್ನಡಕ ಹಾಕುವವರು ಅದನ್ನು ತೆಗೆದಿಟ್ಟು ಒಂದು ಪುಟವನ್ನು ನೋಡಲಿ. ಅಕ್ಷರಗಳು ಮಸುಕಾಗುತ್ತವೆ, ಆ ಮಸುಕು ಪುಟದ್ದಲ್ಲ, ಕಣ್ಣಿನದು ಎಂದು ತಿಳಿಯುವುದು ಮನಸ್ಸು. ಓದಲಾಗದೆ ಸಣ್ಣದೊಂದು ಕಿರಿಕಿರಿ ಏಳುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಏಳುವುದೂ ಇಳಿಯುವುದೂ ಗೊತ್ತಾಗುತ್ತದೆ. ‘ಕಿರಿಕಿರಿ ನನಗಾಗಿದೆ’ ಎನ್ನುವ ಅಹಂಕಾರವೂ ಹಾಗೆಯೇ ಗೊತ್ತಾಗುವಂಥದ್ದು, ಆದ್ದರಿಂದ ಅದನ್ನೂ ದೃಶ್ಯದ ಸಾಲಿಗೇ ಸೇರಿಸಿ ಅಲ್ಲಿಗೆ ನಿಲ್ಲಿ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಇನ್ನೊಂದು ಹೆಜ್ಜೆ ಹಿಂದೆ ಸರಿದರೆ ಸಾಕ್ಷಿಯೇ ಸಿಕ್ಕೀತೆಂದು ಒಳಗೆ ತಡಕಾಡುತ್ತಾರೆ. ಒಂದು ಕಾಲಕ್ಕೆ ನಾನೂ ಧ್ಯಾನದಲ್ಲಿ ಮೂಡುತ್ತಿದ್ದ ನಿಶ್ಚಲತೆಯನ್ನೇ ಸಾಕ್ಷಿಯೆಂದು ನಂಬಿ, ಅದು ಕರಗಿದಾಗಲೆಲ್ಲ ಸಾಕ್ಷಿ ತಪ್ಪಿಹೋಯಿತೆಂದು ಪೇಚಾಡುತ್ತಿದ್ದೆ. ಕರಗಿತೆಂಬುದು ಯಾವುದರಿಂದ ತಿಳಿಯಿತೆಂದು ಮಾತ್ರ ಕೇಳಿಕೊಂಡಿರಲಿಲ್ಲ. ‘ಪ್ರತಿಬೋಧವಿದಿತಂ’ ಎನ್ನುತ್ತದೆ ಕೇನೋಪನಿಷತ್ತು: ಶಂಕರರ ವಿವರಣೆಯಂತೆ, ಬ್ರಹ್ಮವು ವಿಶೇಷವಾದ ಒಂದು ಅನುಭವದಲ್ಲಲ್ಲ, ಪ್ರತಿಯೊಂದು ಅರಿವಿನಲ್ಲೂ ಅದರ ಸಾಕ್ಷಿಯಾಗಿಯೇ ತಿಳಿಯತಕ್ಕದ್ದು.

ಮುಂದಿನ ಪರೀಕ್ಷೆ ನಿದ್ರೆಯದು. ಎದ್ದವರು ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎನ್ನುತ್ತಾರಲ್ಲ, ಆ ಮಾತನ್ನು ಸ್ವಲ್ಪ ಹೊತ್ತು ಬಿಡದೆ ವಿಚಾರಿಸಿ. ಸುಷುಪ್ತಿಯಲ್ಲಿ, ಅಂದರೆ ಕನಸಿಲ್ಲದ ಗಾಢ ನಿದ್ರೆಯಲ್ಲಿ, ಮನಸ್ಸೂ ಅಹಂಕಾರವೂ ಅಡಗಿದ್ದವು. ಆದರೂ ಆ ಇಲ್ಲದಿರುವಿಕೆಯನ್ನು ಊಹಿಸಿ ಹೇಳುತ್ತಿಲ್ಲ, ಕಂಡಂತೆ ಹೇಳುತ್ತಿದ್ದೇವೆ. ಕೇವಲ 12 ಮಂತ್ರಗಳ ಮಾಂಡೂಕ್ಯೋಪನಿಷತ್ತು ಎಚ್ಚರ, ಕನಸು, ನಿದ್ರೆಗಳನ್ನು ಹೇಳಿ ‘ನಾಲ್ಕನೆಯದು’ ಎಂದು ಕರೆಯುವುದು ಮತ್ತೊಂದು ಅವಸ್ಥೆಯನ್ನಲ್ಲ, ಮೂರರಲ್ಲೂ ಬದಲಾಗದೆ ಇರುವ ಆತ್ಮವನ್ನೇ.

ದೃಕ್ಕನ್ನೂ ದೃಶ್ಯವನ್ನೂ ಬೇರ್ಪಡಿಸಿ ಅಲ್ಲಿಗೇ ಬಿಟ್ಟರೆ ಉಳಿಯುವುದು ಸಾಂಖ್ಯರ ದ್ವೈತ, ಅಂದರೆ ಪುರುಷ (ಚೈತನ್ಯ) ಮತ್ತು ಪ್ರಕೃತಿ ಎರಡೂ ಬೇರೆ ಬೇರೆ ಸತ್ಯಗಳೆಂಬ ಮತ. ಅಲ್ಲಿಗೇ ನಿಲ್ಲದಿರಲು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಒಂದು ಕನಸನ್ನು ನೆನೆದುಕೊಳ್ಳಿ: ಬೆನ್ನಟ್ಟಿದ ಹುಲಿಯೂ ಹೆದರಿ ಓಡಿದವನೂ ಎರಡಾಗಿ ತೋರಿದರೂ ಒಂದೇ ಚೈತನ್ಯಕ್ಕಿಂತ ಬೇರೆಯಾಗಿರಲಿಲ್ಲ. ಎಚ್ಚರದ ದೃಕ್-ದೃಶ್ಯಗಳನ್ನೂ ಈ ದೃಷ್ಟಿಯಿಂದ ವಿಚಾರಿಸಬೇಕು. ಆದರೆ ಜಗತ್ತು ನನ್ನ ಮನಸ್ಸಿನ ಕಲ್ಪನೆ ಎಂಬ ತೀರ್ಮಾನಕ್ಕೆ ಹಾರಬಾರದು. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಎಚ್ಚರದ ಅರಿವು ಕನಸಿನಂಥದ್ದಲ್ಲವೆಂದು ವಿಜ್ಞಾನವಾದಿಗಳಿಗೆ (ಹೊರಗಿನ ವಸ್ತುಗಳಿಲ್ಲ, ಅರಿವು ಮಾತ್ರವೇ ಇದೆ ಎನ್ನುವ ಬೌದ್ಧರಿಗೆ) ಖಂಡಿತವಾಗಿ ಉತ್ತರಿಸಿದ್ದಾರೆ. ಅಲ್ಲದೆ, ಜಗತ್ತನ್ನು ಕಲ್ಪಿಸುತ್ತದೆ ಎನ್ನುವ ಆ ಮನಸ್ಸೂ ಇಲ್ಲಿ ದೃಶ್ಯವೇ ಆಗಿದೆ.