ಸರಿಯಾಗಿ 4000ಕ್ಕೆ ಬಾಲ ಕತ್ತರಿಸುತ್ತಿದ್ದ ಮ್ಯಾಪಿಂಗ್: ನನ್ನ ಅನುಭವ

ನಮ್ಮ ತಂತ್ರಾಂಶದಲ್ಲಿ ಜನ ಬರೆದು ಸೇವ್ ಮಾಡುವ ವರದಿಯ ಕೊನೆಯ ಭಾಗವೇ ಕಾಣ್ತಿಲ್ಲ ಅಂತ ದೂರು ಬಂದಾಗ ನಾನು ಮೊದಲು ಬೈದದ್ದು ಬ್ರೌಸರನ್ನು. ಬರೆದವರೇ ಪೂರ್ತಿ ಪೇಸ್ಟ್ ಮಾಡಿಲ್ಲವೇನೋ ಅಂತಲೂ ಅನ್ನಿಸಿತು. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ, ಸೇವ್ ಆಯ್ತು ಅಂತ ಹಸಿರು ಸಂದೇಶ ಬೇರೆ. ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಲ್ಲಿ ವರದಿ ಇಡುವ ಕಾಲಂ ನೋಡಿದರೆ ಅದರ ಟೈಪ್ ಎನ್‌ವಾರ್‌ಚಾರ್ ಮ್ಯಾಕ್ಸ್, 2 ಜಿಬಿ ತನಕ ಹಿಡಿಸುವಂಥದ್ದು. ಜಾಗದ ಬರವಂತೂ ಇರಲಿಲ್ಲ.

ಡೇಟಾವನ್ನು ಕಣ್ಣಲ್ಲೇ ನೋಡಿ ಪತ್ತೆ ಮಾಡಲು ಹೋಗಿ ಅರ್ಧ ದಿನ ಹಾಳಾಯಿತು. ಆ ಡೇಟಾಬೇಸ್ ನೋಡುವ ಸಾಧನವಾದ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಫಲಿತಾಂಶವನ್ನು ಟೆಕ್ಸ್ಟ್ ಆಗಿ ತೋರಿಸಲು ಹೇಳಿದರೆ, ಸೆಟ್ಟಿಂಗ್ ಬದಲಿಸದಿದ್ದಲ್ಲಿ, ಅದು ತಾನೇ ಒಂದು ಕಾಲಂಗೆ 256 ಅಕ್ಷರ ತೋರಿಸಿ ನಿಲ್ಲಿಸುತ್ತದೆ. ಹಾಗಾಗಿ ಚೆನ್ನಾಗಿದ್ದ ಸಾಲುಗಳೂ ಕತ್ತರಿಸಿದಂತೆಯೇ ಕಂಡವು. ಕೊನೆಗೆ ಲೆನ್ ಅನ್ನುವ ಫಂಕ್ಷನ್ ಬಳಸಿ ಉದ್ದ ಅಳೆದು, ಯಾವ ಉದ್ದದ ಸಾಲು ಎಷ್ಟಿವೆ ಅಂತ ಎಣಿಸಿದೆ. 4000 ಉದ್ದದವು ರಾಶಿ ರಾಶಿ. ಅದರಾಚೆ ಒಂದೂ ಇಲ್ಲ. ಅಷ್ಟು ಜನ ಸರಿಯಾಗಿ 4000ನೇ ಅಕ್ಷರಕ್ಕೇ ಬರೆಯುವುದನ್ನು ನಿಲ್ಲಿಸುತ್ತಾರಾ?

ಡೇಟಾಬೇಸ್‌ಗೆ ಹೋಗುವ ಆದೇಶಗಳನ್ನು ತೋರಿಸುವ ಪ್ರೊಫೈಲರ್ ಹಚ್ಚಿ, ಸಾಲು ಸೇರಿಸುವ ಇನ್ಸರ್ಟ್ ಹೋಗುವುದನ್ನು ನೋಡಿದೆ. ಪಠ್ಯ ಹೊತ್ತ ಪ್ಯಾರಾಮೀಟರ್ ಎನ್‌ವಾರ್‌ಚಾರ್ 4000, ಅಂದರೆ ಹೆಚ್ಚೆಂದರೆ 4000 ಅಕ್ಷರ, ಅಂತ ಹೋಗುತ್ತಿತ್ತು! ನಾವು ಬಳಸುತ್ತಿದ್ದದ್ದು, ಪ್ರೋಗ್ರಾಂನ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಟೇಬಲ್‌ಗಳಿಗೆ ಜೋಡಿಸುವ ಎನ್‌ಹೈಬರ್ನೇಟ್‌ನ ಹಳೆಯ ಆವೃತ್ತಿ. ಯಾವುದು ಯಾವ ಕಾಲಂಗೆ ಅಂತ ಹೇಳುವ ಮ್ಯಾಪಿಂಗ್‌ನಲ್ಲಿ ಟೈಪ್ ಸುಮ್ನೆ ಸ್ಟ್ರಿಂಗ್ ಅಂತ ಬರೆದಿದ್ದೆವು, ಅದು ಪ್ಯಾರಾಮೀಟರ್‌ಗೆ ತಾನಾಗಿ 4000 ಸೈಜ್ ಹಾಕಿತ್ತು. ಸೈಜ್ ಹಾಕಿದ ಮೇಲೆ ಡ್ರೈವರ್ ಅದಕ್ಕಿಂತ ಉದ್ದದ್ದನ್ನು ಕತ್ತರಿಸಿಯೇ ಕಳಿಸುತ್ತದೆ. ಕಾಲಂಗಿಂತ ಉದ್ದದ ಪಠ್ಯ ಬಂದರೆ ಎಸ್‌ಕ್ಯೂಎಲ್ ಸರ್ವರ್ ಎರರ್ ಕೊಡುತ್ತದೆ ನಿಜ, ಆದರೆ ಇಲ್ಲಿ ಅದರ ಕೈಗೆ ಬಂದದ್ದೇ ಬಾಲ ಕತ್ತರಿಸಿದ ಪಠ್ಯ. ಪಾಪ, ಅದಕ್ಕೇನು ಗೊತ್ತು.

ರಿಪೇರಿ ಒಂದೇ ಪದ. ಮ್ಯಾಪಿಂಗ್‌ನ ಟೈಪನ್ನು ಉದ್ದ ಪಠ್ಯಕ್ಕಿರುವ ಸ್ಟ್ರಿಂಗ್‌ಕ್ಲಾಬ್ ಅಂತ ಬದಲಿಸಿದೆ, ಅಷ್ಟೇ.

ನನಗೆ ಜಾಸ್ತಿ ಸಿಟ್ಟು ಬಂದದ್ದು ನಮ್ಮ ಟೆಸ್ಟ್ ಮೇಲೆ. ಉದ್ದ ಪಠ್ಯ ಸೇವ್ ಮಾಡಿ ಮತ್ತೆ ಓದುವ ಟೆಸ್ಟ್ ಮೊದಲಿಂದಲೂ ಇತ್ತು, ದಿನಾ ಪಾಸ್ ಆಗುತ್ತಿತ್ತು. ಯಾಕೆಂದರೆ ಸೇವ್ ಮಾಡಿದ ಅದೇ ಸೆಷನ್‌ನಲ್ಲಿ (ಎನ್‌ಹೈಬರ್ನೇಟ್‌ನ ಒಂದು ಕೆಲಸದ ಅವಧಿ) ಓದಿದರೆ ಡೇಟಾಬೇಸ್ ತನಕ ಹೋಗುವುದೇ ಇಲ್ಲ, ಮೆಮೊರಿಯಲ್ಲಿರುವ ಅದೇ ಆಬ್ಜೆಕ್ಟನ್ನು ವಾಪಸ್ ಕೊಡುತ್ತದೆ. ಸಾಲದ್ದಕ್ಕೆ ಟೆಸ್ಟ್ ಓಡುತ್ತಿದ್ದದ್ದು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಮೇಲೆ. ಅದಕ್ಕೆ ವಾರ್‌ಚಾರ್ ಉದ್ದದ ಗೊಡವೆಯೇ ಇಲ್ಲ, ಎಷ್ಟು ಕೊಟ್ಟರೂ ಇಟ್ಟುಕೊಳ್ಳುತ್ತದೆ. ಈಗ ಸೆಷನ್ ಕ್ಲಿಯರ್ ಮಾಡಿ, ನಿಜವಾದ ಸರ್ವರ್ ಮೇಲೆ, ಕೊನೆಯಲ್ಲಿ ಒಂದು ಗುರುತಿನ ಪದ ಇಟ್ಟ ಪಠ್ಯ ಕಳಿಸಿ, ವಾಪಸ್ ಬಂದದ್ದರಲ್ಲಿ ಆ ಪದ ಇದೆಯೋ ಅಂತ ನೋಡುತ್ತೇವೆ.

ಇನ್ನೊಂದು ಪ್ರಾಜೆಕ್ಟ್‌ನಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇದೆ, ಅಲ್ಲಿ ಲೆಕ್ಕ ಬೇರೆ. ಟೆಕ್ಸ್ಟ್ ಕಾಲಂನ ಮಿತಿ 65,535, ಆದರೆ ಅದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಮೂರು ಚಿಹ್ನೆ ಸೇರಿ ಆಗುವ ಕ್ಷ ಒಂದಕ್ಕೇ 9. ಮಿತಿ ಮೀರಿದರೆ ಎರರ್ ಕೊಡುವ ಸ್ಟ್ರಿಕ್ಟ್ ಮೋಡ್ ಆಫ್ ಇದ್ದರೆ ಬರೀ ವಾರ್ನಿಂಗ್ ಕೊಟ್ಟು ಕತ್ತರಿಸುತ್ತದೆ, ಆ ವಾರ್ನಿಂಗನ್ನು ಯಾರು ಓದುತ್ತಾರೆ? ಅಲ್ಲಿ ಸ್ಟ್ರಿಕ್ಟ್ ಆನ್ ಮಾಡಿ, ಕಾಲಂ ಅನ್ನು ಹೆಚ್ಚು ಹಿಡಿಸುವ ಮೀಡಿಯಂಟೆಕ್ಸ್ಟ್ ಮಾಡಿದೆ.

ಹೋದ ಪಠ್ಯ ಡೇಟಾಬೇಸ್‌ನಲ್ಲಿ ಎಲ್ಲೂ ಸಿಗಲಿಲ್ಲ. 4000 ಉದ್ದದ ಸಾಲುಗಳ ಪಟ್ಟಿ ತೆಗೆದು, ಇಮೇಲ್‌ನಲ್ಲಿ ಮೂಲ ಇದ್ದವನ್ನು ಮತ್ತೆ ತುಂಬಿಸಿದೆವು. ಉಳಿದವುಗಳ ಕೆಳಗೆ ಈಗಲೂ "ಈ ವರದಿ ಪೂರ್ತಿ ಇಲ್ಲ" ಅನ್ನುವ ಸಾಲು ಕಾಣಿಸುತ್ತದೆ.