ಮನೆ ಮಾರುವ ಮೊದಲು ಕಾಗದಪತ್ರ ಸರಿಪಡಿಸಿಕೊಂಡದ್ದು: ನನ್ನ ಅನುಭವ

ಮೈಸೂರಿನಲ್ಲಿ ತಂದೆಯವರು ಕಟ್ಟಿಸಿದ್ದ ಮನೆಯನ್ನು ಅವರ ಕಾಲಾನಂತರ ಮಾರಲು ತಾಯಿಯವರೂ ನಾವು ಮಕ್ಕಳೂ ಒಪ್ಪಿದಾಗ, ಗೇಟಿಗೆ ‘ಮನೆ ಮಾರಾಟಕ್ಕಿದೆ’ ಎಂಬ ಫಲಕ ತೂಗುಹಾಕುವ ಮುನ್ನವೇ ಕಾಗದಪತ್ರಗಳೆಲ್ಲ ಸಿದ್ಧವಾಗಿರಬೇಕೆಂದು ನಾನು ಹಟ ಹಿಡಿದೆ. ‘ಮೊದಲು ಪಾರ್ಟಿ ಬರಲಿ ಸಾರ್, ಆಮೇಲೆ ನೋಡೋಣ’ ಎಂದು ಬ್ರೋಕರ್ ಹೇಳಿದರು. ಆದರೆ ಮುಂಗಡ ಪಡೆದ ಕ್ಷಣದಿಂದ ಕರಾರಿನ ಗಡುವು ಆರಂಭವಾಗುತ್ತದೆ; ಆಮೇಲೆ ಒಂದೊಂದು ಕಾಗದಕ್ಕೂ ಕಚೇರಿ ಅಲೆಯುವುದೆಂದರೆ ಕೊಳ್ಳುವವರ ನೆಮ್ಮದಿಯೂ ಕೆಡುತ್ತದೆ, ನಮ್ಮದೂ ಕೆಡುತ್ತದೆ.

ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ತಂದೆಯವರ ಹೆಸರು ಯಾವುದರಲ್ಲಿ ಹೇಗಿದೆಯೆಂದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಹಕ್ಕುಪತ್ರದಲ್ಲಿ ಊರಿನ ಹೆಸರೂ ಸೇರಿದ ಪೂರ್ಣ ಹೆಸರಿತ್ತು, ಕಂದಾಯದ ರಸೀದಿಯಲ್ಲಿ ಇನಿಷಿಯಲ್ ಮಾತ್ರವಿತ್ತು, ಮರಣ ಪ್ರಮಾಣಪತ್ರದಲ್ಲಿ ಒಂದು ಅಕ್ಷರವೇ ಬೇರೆಯಾಗಿತ್ತು. ಈಗ ಇ-ಖಾತೆಯಿಲ್ಲದೆ, ಅಂದರೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪವಿಲ್ಲದೆ, ನೋಂದಣಿ ನಡೆಯುವುದಿಲ್ಲ. ಆ ಖಾತೆ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಮರಣ ಪ್ರಮಾಣಪತ್ರವೂ ದೃಢೀಕೃತ ವಂಶವೃಕ್ಷವೂ ಬೇಕು. ಹೀಗೆ ಒಂದು ಅಕ್ಷರದ ವ್ಯತ್ಯಾಸ ಮುಂದಿನ ಕೆಲಸಗಳನ್ನೆಲ್ಲ ತಡೆದು ನಿಲ್ಲಿಸಬಲ್ಲದಾದ್ದರಿಂದ, ಮರಣ ಪ್ರಮಾಣಪತ್ರದ ತಿದ್ದುಪಡಿಗೇ ಮೊದಲು ಅರ್ಜಿ ಹಾಕಿದೆ.

ಎರಡನೆಯದು ಋಣಭಾರ ಪತ್ರ, ಎಲ್ಲರೂ ಇ.ಸಿ. ಎನ್ನುವುದು; ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ಇದು ತೋರಿಸುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ವಿವರ ಸುಲಭವಾಗಿ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ಕೇಳಿ ಪಡೆಯಬೇಕು. ನಮ್ಮ ಹಳೆಯ ಇ.ಸಿ.ಯಲ್ಲಿ, ತಂದೆಯವರು ಎಂದೋ ತೀರಿಸಿದ್ದ ಮನೆ ಸಾಲದ ಅಡಮಾನ ಹಾಗೆಯೇ ಉಳಿದಿತ್ತು. ಸಾಲ ಕೊಟ್ಟ ಸಂಸ್ಥೆ ‘ಬಾಕಿ ಇಲ್ಲ’ ಎಂಬ ಪತ್ರವನ್ನೇನೋ ಕೊಟ್ಟಿತ್ತು, ಆದರೆ ಅಡಮಾನದ ಬಿಡುಗಡೆ ಪತ್ರ ನೋಂದಣಿಯಾಗಿರಲಿಲ್ಲ. ಕೊಳ್ಳುವವರ ಬ್ಯಾಂಕಿನ ವಕೀಲರು ಮೊದಲು ಬೆರಳಿಡುವುದು ಇಂಥ ಕಡೆಯೇ. ಆ ಪತ್ರವನ್ನು ನೋಂದಾಯಿಸಿ, ಹೊಸ ಇ.ಸಿ.ಯಲ್ಲಿ ಅದು ಕಾಣಿಸಿಕೊಂಡ ಮೇಲೆಯೇ ಮುಂದುವರಿದೆವು.

ಹೆಚ್ಚು ಸಮಯ ಹಿಡಿದದ್ದು ಸಹಿಗಳ ವಿಷಯ. ಹೆಣ್ಣುಮಕ್ಕಳ ಹಕ್ಕೆಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಆದರೆ ತಂದೆ ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ನಮ್ಮ ಅಕ್ಕ ತಾವೇ ಬಂದು ಸಹಿ ಹಾಕುವುದಾಗಿ ಮೊದಲೇ ಹೇಳಿದ್ದರು. ಅಮೆರಿಕದಲ್ಲಿರುವ ತಮ್ಮನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳುಹಿಸಿದನು. ವಿದೇಶದಿಂದ ಬಂದ ಇಂಥ ಪತ್ರಕ್ಕೆ ಅದು ಇಲ್ಲಿ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ತೆರಿಗೆಯ ಲೆಕ್ಕವೂ ಅವನಿಗೆ ಬೇರೆ. 50 ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟ ಮಾರಾಟದಲ್ಲಿ ಇಲ್ಲಿರುವವರ ಪಾಲಿನಿಂದ ಕೊಳ್ಳುವವರು ಮೂಲದಲ್ಲೇ ಹಿಡಿಯುವ ತೆರಿಗೆ (ಟಿ.ಡಿ.ಎಸ್.) ಶೇ. 1 ಮಾತ್ರ. ಅನಿವಾಸಿಯ ಪಾಲಿಗೆ ಆ ದರವೂ ಇಲ್ಲ, 50 ಲಕ್ಷದ ಮಿತಿಯೂ ಇಲ್ಲ. ಹೆಚ್ಚಿನ ದರದಲ್ಲಿ ಹಿಡಿಯಬೇಕಾಗುತ್ತದೆ. ಅದನ್ನು ತಗ್ಗಿಸುವ ಪ್ರಮಾಣಪತ್ರಕ್ಕಾಗಿ ಆದಾಯ ತೆರಿಗೆ ಇಲಾಖೆಗೆ ಅವನು ಮೊದಲೇ ಅರ್ಜಿ ಸಲ್ಲಿಸಬೇಕು. ಇದು ಕ್ರಯದ ಹೊತ್ತಿಗೆ ನೆನಪಾದರೆ ಪ್ರಯೋಜನವಿಲ್ಲ.

ಕೊಳ್ಳುವವರು ಸಿಕ್ಕಾಗ, ಕರಾರಿಗೆ ಮುನ್ನವೇ ಎಲ್ಲ ದಾಖಲೆಗಳ ಒಂದು ಜೆರಾಕ್ಸ್ ಸೆಟ್ ಕೊಟ್ಟು, ಅವರ ಬ್ಯಾಂಕಿನ ವಕೀಲರ ಅಭಿಪ್ರಾಯ ಬರುವವರೆಗೆ ಮುಂಗಡ ಬೇಡವೆಂದೆವು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ, ಅಂದರೆ 60 ಲಕ್ಷದ ಮನೆಗೆ 60 ಸಾವಿರ ಹೆಚ್ಚು. ಇದನ್ನು ಅವರ ಗಮನಕ್ಕೆ ತಂದೆವು. ಸಾಲ ಮಂಜೂರಾಗದಿದ್ದರೆ ಮುಂಗಡವನ್ನು ಎಷ್ಟು ದಿನದೊಳಗೆ ಹಿಂದಿರುಗಿಸಬೇಕೆಂಬುದನ್ನು ಕರಾರಿನಲ್ಲಿಯೇ ಬರೆಸಿದೆವು.

ಕ್ರಯಪತ್ರದ ಕರಡನ್ನು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಹಕ್ಕುಪತ್ರದಲ್ಲಿ ಬೆರಳಿಟ್ಟು ನೋಡುತ್ತ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ತಾಳೆ ಹಾಕಿದೆವು. ಪೂರ್ವಕ್ಕೆ ರಸ್ತೆ ಎಂದಿರಬೇಕಾದಲ್ಲಿ ಪಶ್ಚಿಮಕ್ಕೆ ಎಂದಿತ್ತು. ಕರಡಿನಲ್ಲಿ ಅದನ್ನು ಸರಿಪಡಿಸಲು ಪೆನ್ನು ಸಾಕಾಯಿತು. ನೋಂದಣಿಯಾದ ಮೇಲಾಗಿದ್ದರೆ ತಿದ್ದುಪಡಿ ಪತ್ರಕ್ಕಾಗಿ ಎಲ್ಲರೂ ಮತ್ತೆ ಸೇರಬೇಕಾಗುತ್ತಿತ್ತು. ನೋಂದಣಿಯ ದಿನ ಬೆರಳಚ್ಚು, ಫೋಟೊ, ಸಾಕ್ಷಿಗಳ ಸಹಿ ಎಲ್ಲವೂ ತೊಡಕಿಲ್ಲದೆ ಮುಗಿದವು. ಕೀಲಿಕೈ ಒಪ್ಪಿಸುವಾಗ ವಿದ್ಯುತ್ ಮೀಟರಿನ ರೀಡಿಂಗನ್ನು ಸ್ವಾಧೀನ ಪತ್ರದಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು, ಆದ್ದರಿಂದ ಆ ತಿಂಗಳ ಬಿಲ್ಲಿನ ಬಗ್ಗೆಯೂ ಯಾರೂ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ.