ಆಸ್ಪತ್ರೆ ಕೌಂಟರ್ ಕೆಲಸ ಕಲೀಬೇಕು ಅನ್ನೋರು ಕೋರ್ಸಿಗೆ ದುಡ್ಡು ಕಟ್ಟೋ ಮೊದ್ಲು ಇದನ್ನ ಓದಿ

ನಮ್ಮಕ್ಕನ ಮಗಳು ಬಿಕಾಂ ಮುಗಿಸಿ ಮನೇಲಿದ್ಲು, ಮೊನ್ನೆ ಫೋನ್ ಮಾಡಿ ಮಾವ ಯಾವ್ದೋ ಆಸ್ಪತ್ರೆ ಅಡ್ಮಿನಿಸ್ಟ್ರೇಷನ್ ಕೋರ್ಸಂತೆ, ಆರು ತಿಂಗ್ಳಿಗೆ 45 ಸಾವಿರ ಅಂತೆ, ಕೆಲಸ ಗ್ಯಾರಂಟಿ ಅಂತೆ, ಸೇರ್ಕೊಳ್ಲಾ ಅಂದ್ಲು. ತಡಿಯಮ್ಮ ದುಡ್ಡು ಕಟ್ಬೇಡ ಅಂದೆ. ನಾನು 11 ವರ್ಷದಿಂದ ಶಿವಮೊಗ್ಗ ಕಡೆ ಖಾಸಗಿ ಆಸ್ಪತ್ರೇಲಿ ಇದೀನಿ, ಮೊದ್ಲು ರಿಜಿಸ್ಟ್ರೇಷನ್ನು, ಆಮೇಲೆ ಬಿಲ್ಲಿಂಗು, ಈಗ ಇನ್ಶೂರೆನ್ಸ್ ಡೆಸ್ಕು. ಅವ್ಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೀತಿದೀನಿ.

ಮೊದಲು ಮಾಡ್ಬೇಕಾದ್ದು ಏನಂದ್ರೆ ನಿಮ್ಮೂರಲ್ಲಿರೋ 20-30 ಬೆಡ್ಡಿನ ಯಾವ್ದಾದ್ರೂ ನರ್ಸಿಂಗ್ ಹೋಮಿಗೆ ಹೋಗಿ, ಒಂದ್ ತಿಂಗ್ಳು ಕೌಂಟರಲ್ಲಿ ಕೂರ್ತೀನಿ ಸಂಬಳ ಎಷ್ಟಾದ್ರೂ ಕೊಡಿ ಅಂತ ಕೇಳೋದು. ದೊಡ್ಡ ಆಸ್ಪತ್ರೇಲಿ ಒಬ್ಬರಿಗೆ ಒಂದೇ ಕೆಲಸ, ಅಪಾಯಿಂಟ್‌ಮೆಂಟ್ ಅಂದ್ರೆ ಬರೀ ಅಪಾಯಿಂಟ್‌ಮೆಂಟು. ಚಿಕ್ಕದ್ರಲ್ಲಿ ಟೋಕನ್ ಕೊಡೋದೂ ನೀವೇ, ಅಡ್ವಾನ್ಸ್ ತಗೊಳೋದೂ ನೀವೇ, ಲ್ಯಾಬ್ ರಿಪೋರ್ಟ್ ಹುಡುಕೋದೂ ನೀವೇ, ರಾತ್ರಿ ಕ್ಯಾಶ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಬೈಸ್ಕೊಳೋದೂ ನೀವೇ. ಆ ಒಂದ್ ತಿಂಗ್ಳಲ್ಲಿ ಈ ಕೆಲಸ ನಿಮಗೆ ಆಗಿಬರುತ್ತಾ ಇಲ್ವಾ ಗೊತ್ತಾಗೋಗುತ್ತೆ. ಜ್ವರದ ಮಗು ಎತ್ಕೊಂಡಿರೋ ತಾಯಿ, ಕುಡ್ಕೊಂಡು ಬಂದಿರೋ ಪೇಷಂಟ್ ಕಡೆಯೋನು, ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ ಅಂತ ಹತ್ತನೇ ಸಲ ಕೇಳೋ ತಾತ, ಎಲ್ಲರೂ ಒಟ್ಟಿಗೇ ಕಿರುಚ್ತಿರ್ತಾರೆ, ಫೋನ್ ಬೇರೆ ಬಡ್ಕೋತಿರುತ್ತೆ.

ರಿಜಿಸ್ಟ್ರೇಷನ್ ಸುಲಭ ಅನ್ಸುತ್ತೆ, ಆದ್ರೆ ಮುಂದಿನ ಎಲ್ಲಾ ತಪ್ಪೂ ಹುಟ್ಟೋದು ಅಲ್ಲೇ. ನಾನು ಸೇರಿದ ಮೂರನೇ ವಾರ ಒಂದೇ ದಿನ ನಾಲ್ಕು ಜನ ಲಕ್ಷ್ಮಮ್ಮ ಬಂದ್ರು, ಒಬ್ರಿಗೆ ಹಳೇ ನಂಬರ್ ಇತ್ತು, ನಾನು ಹೆಸರು ನೋಡಿ ಇನ್ನೊಬ್ಬರ ನಂಬರಲ್ಲೇ ಚೀಟಿ ಹೊಡ್ದೆ, ಸಕ್ಕರೆ ಕಾಯಿಲೆ ಇರೋರ ರಿಪೋರ್ಟು ಇಲ್ದೇ ಇರೋರ ಫೈಲಿಗೆ ಹೋಯ್ತು. ಪುಣ್ಯಕ್ಕೆ ಸಿಸ್ಟರ್ ಒಬ್ರು ನಿಮಗೆ ಶುಗರ್ ಇದ್ಯಾ ಅಂತ ಬಾಯಿಬಿಟ್ಟು ಕೇಳಿದ್ರು, ಇಲ್ಲಾಂದ್ರೆ ಕಥೆ ಬೇರೆ ಆಗ್ತಿತ್ತು. ಅವತ್ತಿಂದ ಹೆಸರು ಹುಟ್ಟಿದ ದಿನ ಎರಡೂ ಮ್ಯಾಚ್ ಆದ್ರೂ ನಂಬಲ್ಲ, ಯಾಕಂದ್ರೆ ನಮ್ಮ ಹಳ್ಳಿ ಕಡೆ ವಯಸ್ಸಾದೋರ ಆಧಾರಲ್ಲಿ ಎಷ್ಟೋ ಜನದ್ದು 01-01 ಅಂತ್ಲೇ ಇರುತ್ತೆ. ಗಂಡನ ಹೆಸರು ಇಲ್ಲಾ ಅಪ್ಪನ ಹೆಸರು, ಊರು, ಮೊಬೈಲ್ ನಂಬರು ಇಷ್ಟೂ ಕೇಳ್ಬೇಕು. ಅದೂ ನೀವು ಹೇಳಿ ಹೌದಾ ಅಂತ ಕೇಳೋದಲ್ಲ, ಅವ್ರ ಬಾಯಲ್ಲೇ ಹೇಳಿಸ್ಬೇಕು, ನೀವು ಲಕ್ಷ್ಮಮ್ಮನಾ ಅಂದ್ರೆ ಕಿವಿ ಕೇಳ್ದೇ ಇರೋ ರುಕ್ಮಿಣಮ್ಮನೂ ಹ್ಞೂಂ ಅಂತಾರೆ.

ಸ್ಪೆಲಿಂಗು ಇನ್ನೊಂದು ತಲೆನೋವು. ಮಂಜುನಾಥ ಅನ್ನೋದಕ್ಕೆ ಇಂಗ್ಲಿಷಲ್ಲಿ ಕೊನೇಗೆ ‘ಎ’ ಇದ್ಯಾ ಇಲ್ವಾ, ಇನಿಷಿಯಲ್ ಮುಂದೆ ಬರುತ್ತಾ ಹಿಂದೆ ಬರುತ್ತಾ, ಅಡ್ಮಿಷನ್ ಟೈಮಲ್ಲಿ ಆಧಾರು ಮತ್ತೆ ಇನ್ಶೂರೆನ್ಸ್ ಕಾರ್ಡು ಎರಡೂ ಪಕ್ಕಪಕ್ಕ ಇಟ್ಕೊಂಡು ನೋಡಿ ಟೈಪ್ ಮಾಡಿ. ಇಲ್ಲಾಂದ್ರೆ ಡಿಸ್ಚಾರ್ಜ್ ದಿನ ಕ್ಲೇಮ್ ಸಿಕ್ಕಾಕೊಳ್ಳುತ್ತೆ. ಈಗ ಆಭಾ ಅಂತ 14 ಅಂಕೀದು ಆರೋಗ್ಯ ಗುರುತಿನ ನಂಬರ್ ಬಂದಿದೆ, ಕೆಲವು ಆಸ್ಪತ್ರೇಲಿ ಪೇಷಂಟೇ ಮೊಬೈಲಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ವಿವರ ನೇರ ನಮ್ಮ ಸಿಸ್ಟಮಿಗೆ ಬರುತ್ತೆ, ಅದನ್ನ ಮಾಡಿಸೋದು ಗೊತ್ತಿರ್ಲಿ.

ಡಾಕ್ಟ್ರ ಭಾಷೆ ಕಲಿಯೋಕೆ ದಪ್ಪ ಪುಸ್ತಕ ಬೇಡ. ಪದದ ಬಾಲ ಹಿಡ್ಕೊಳ್ಳಿ ಸಾಕು: ‘ಐಟಿಸ್’ ಅಂದ್ರೆ ಊತ ಉರಿ, ‘ಎಕ್ಟಮಿ’ ಅಂದ್ರೆ ಕತ್ತರಿಸಿ ತೆಗೆದಿದ್ದು, ‘ಸ್ಕೋಪಿ’ ಅಂದ್ರೆ ಒಳಗೆ ಕ್ಯಾಮೆರಾ ಬಿಟ್ಟು ನೋಡೋದು. ಅಪೆಂಡಿಸೈಟಿಸ್ ಕಾಯಿಲೆ, ಅಪೆಂಡೆಕ್ಟಮಿ ಅದರ ಆಪರೇಷನ್, ಬಿಲ್ಲಲ್ಲಿ ಒಂದಕ್ಕೊಂದು ಅದಲು ಬದಲು ಆದ್ರೆ ಇನ್ಶೂರೆನ್ಸೋರು ಕ್ವೆರಿ (ವಿವರಣೆ ಕೇಳೋ ಪ್ರಶ್ನೆ) ಹಾಕ್ತಾರೆ. ಹೈಪರ್ ಅಂದ್ರೆ ಜಾಸ್ತಿ, ಹೈಪೋ ಅಂದ್ರೆ ಕಮ್ಮಿ, ಇವೆರಡರಲ್ಲಿ ಡೌಟ್ ಬಂದ್ರೆ ನಾಚ್ಕೊಳ್ದೆ ಎದ್ದೋಗಿ ಕೇಳಿ. ಚೀಟೀಲಿ ಓಡಿ (OD) ಅಂದ್ರೆ ದಿನಕ್ಕೊಂದ್ಸಲ, ಬಿಡಿ (BD) ಅಂದ್ರೆ ಎರಡ್ಸಲ, ಟಿಡಿಎಸ್ ಅಂದ್ರೆ ಮೂರ್ಸಲ (ಕಾಮರ್ಸ್ ಓದಿರೋರಿಗೆ ಟಿಡಿಎಸ್ ಅಂದ ತಕ್ಷಣ ಇನ್‌ಕಮ್ ಟ್ಯಾಕ್ಸ್ ನೆನಪಾಗುತ್ತೆ, ನಂಗೂ ಆಗಿತ್ತು). ಕಣ್ಣಿನ ಡಾಕ್ಟ್ರು ಓಡಿ ಅಂತ ಬರೆದ್ರೆ ಅದು ಬಲಗಣ್ಣು, ಅದೂ ನೆನಪಿರ್ಲಿ.

ಬಿಲ್ಲಿಂಗಿಗೆ ಬಂದ್ರೆ ಸಾಫ್ಟ್‌ವೇರ್ ಎರಡು ವಾರಕ್ಕೆ ಕೈಗೆ ಹತ್ತುತ್ತೆ, ಅದರ ಹಿಂದಿರೋ ರೂಲ್ಸ್ ಮಾತ್ರ ಯಾರೂ ಕೂರಿಸ್ಕೊಂಡು ಹೇಳ್ಕೊಡಲ್ಲ. ದಿನಕ್ಕೆ 5000 ರೂಪಾಯಿಗಿಂತ ಮೇಲಿನ ರೂಮಿಗೆ 2022ರ ಜುಲೈ 18ರಿಂದ 5 ಪರ್ಸೆಂಟ್ ಜಿಎಸ್‌ಟಿ ಇದೆ, ಐಸಿಯುಗೆ ಇಲ್ಲ. ಕ್ಯಾಶ್ ತಗೊಳೋವಾಗ ಒಂದು ಅಡ್ಮಿಷನಿಗೆ ಒಬ್ಬರಿಂದ 2 ಲಕ್ಷ ಮುಟ್ಟೋ ಹಾಗಿಲ್ಲ, ಇನ್‌ಕಮ್ ಟ್ಯಾಕ್ಸ್ ಕಾನೂನು, ಇವತ್ತೊಂದು ಲಕ್ಷ ನಾಳೆ ಒಂದು ಲಕ್ಷ ಅಂತ ಒಡೆದು ಕೊಟ್ರೂ ಲೆಕ್ಕ ಒಂದೇ. ಅಡಿಕೆ ಮಾರಿದ ದುಡ್ಡು ಚೀಲದಲ್ಲಿ ತಂದು ಟೇಬಲ್ ಮೇಲೆ ಇಟ್ಟಾಗ ಇದನ್ನ ಹೇಳೋಕೆ ಧೈರ್ಯ ಬೇಕು ಬಿಡಿ. ಇನ್ನು ಎಮರ್ಜೆನ್ಸಿ ಬಂದ್ರೆ ಅಡ್ವಾನ್ಸ್ ಕಟ್ಟಿ ಆಮೇಲೆ ನೋಡ್ತೀವಿ ಅನ್ನೋ ಹಾಗಿಲ್ಲ, ಬಿಲ್ ಬಾಕಿ ಇದೆ ಅಂತ ಹೆಣ ಹಿಡ್ಕೊಳೋ ಹಾಗೂ ಇಲ್ಲ, ಖಾಸಗಿ ಆಸ್ಪತ್ರೆಗಳಿಗಿರೋ ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ್ಮೇಲೆ ಇದು ನಮ್ಮ ರಾಜ್ಯದ ಕಾನೂನು. ಮೇಲಿನೋರು ಏನೇ ಹೇಳ್ಲಿ, ಜನ ಕೊರಳಪಟ್ಟಿ ಹಿಡಿಯೋದು ಕೌಂಟರಲ್ಲಿ ಕೂತೋರದ್ದೇ, ಹಂಗಾಗಿ ನಿಮಗೆ ಗೊತ್ತಿರ್ಬೇಕು.

ಇನ್ಶೂರೆನ್ಸ್ ಡೆಸ್ಕ್ ಕಲಿತೋರಿಗೆ ಕೆಲಸ ಬೇಗ ಸಿಗುತ್ತೆ, ನಾನು ನೋಡಿದ ಮಟ್ಟಿಗೆ ಸಂಬಳ ಏರೋದೂ ಇಲ್ಲೇ. ಕೆಲಸದ ದಾರಿ ಹೀಗೆ: ಪೇಷಂಟ್ ಅಡ್ಮಿಟ್ ಆದ ತಕ್ಷಣ ಪ್ರೀ-ಆತ್ ಫಾರಂ (ಖರ್ಚಿಗೆ ಮುಂಚೇನೇ ಒಪ್ಪಿಗೆ ಕೇಳೋದು) ತುಂಬಿ, ಡಾಕ್ಟ್ರ ಸಹಿ ಹಾಕ್ಸಿ, ರಿಪೋರ್ಟ್ ಸೇರ್ಸಿ ಟಿಪಿಎಗೆ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡೋ ಸಂಸ್ಥೆ) ಕಳಿಸ್ಬೇಕು, ಅವ್ರು ಒಂದು ಮೊತ್ತಕ್ಕೆ ಅಪ್ರೂವಲ್ ಕೊಡ್ತಾರೆ, ಖರ್ಚು ಜಾಸ್ತಿ ಆದ್ರೆ ಎನ್‌ಹ್ಯಾನ್ಸ್‌ಮೆಂಟ್ ಕೇಳ್ಬೇಕು, ಕೊನೇಗೆ ಫೈನಲ್ ಬಿಲ್ಲು ಮತ್ತೆ ಡಿಸ್ಚಾರ್ಜ್ ಸಮರಿ. 2024ರ ಮೇ ತಿಂಗಳ ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಸಂಸ್ಥೆ) ಸುತ್ತೋಲೆ ಪ್ರಕಾರ ಮೊದಲ ಕ್ಯಾಶ್‌ಲೆಸ್ (ಬಿಲ್ಲನ್ನ ಇನ್ಶೂರೆನ್ಸೋರೇ ನೇರ ಆಸ್ಪತ್ರೆಗೆ ಕಟ್ಟೋ) ಕೋರಿಕೆಗೆ ಒಂದು ಗಂಟೇಲಿ, ಡಿಸ್ಚಾರ್ಜ್ ಅಪ್ರೂವಲ್‌ಗೆ ಮೂರು ಗಂಟೇಲಿ ಅವ್ರು ಉತ್ತರ ಕೊಡ್ಬೇಕು. ಆದ್ರೆ ನಾವು ಅರ್ಧಂಬರ್ಧ ಪೇಪರ್ ಕಳಿಸಿದ್ರೆ ಕ್ವೆರಿ ವಾಪಸ್ ಬರುತ್ತೆ, ಅಷ್ಟೊತ್ತಿಗೆ ಡಾಕ್ಟ್ರು ಓಟಿ (ಆಪರೇಷನ್ ಥಿಯೇಟರ್) ಒಳಗೆ ಹೋಗಿರ್ತಾರೆ, ಸಂಜೆ ಆರಾಗುತ್ತೆ, ಪೇಷಂಟ್ ಕಡೆಯೋರು ನಮ್ಮನ್ನೇ ಬೈತಾರೆ. ಕ್ವೆರಿಗಳಲ್ಲಿ ಜಾಸ್ತಿ ಬರೋದು ಒಂದೇ ಪ್ರಶ್ನೆ, ಈ ಕಾಯಿಲೆ ಎಷ್ಟು ದಿನದಿಂದ ಇದೆ ಅಂತ, ಪಾಲಿಸಿ ತಗೊಳೋ ಮೊದ್ಲೇ ಇತ್ತಾ ಅಂತ ನೋಡೋಕೆ. ಹಾಗಾಗಿ ಪ್ರೀ-ಆತ್ ಕಳಿಸೋ ಮೊದ್ಲೇ ಕೇಸ್ ಶೀಟಲ್ಲಿ ಆ ಸಾಲು ಇದ್ಯಾ ನೋಡಿ, ಇಲ್ಲಾಂದ್ರೆ ಡಾಕ್ಟ್ರ ಹತ್ರ ಬರೆಸ್ಕೊಳ್ಳಿ. ಆದ್ರೆ ಇದ್ದದ್ದನ್ನ ಇದ್ದ ಹಾಗೆ ಬರೆಸ್ಬೇಕು. ಸ್ವಲ್ಪ ದಿನ ಕಮ್ಮಿ ಬರೀರಿ ಅಂತ ಪೇಷಂಟ್ ಕಡೆಯೋರು ಗೋಗರೀತಾರೆ, ಒಂದ್ಸಲ ಒಪ್ಕೊಂಡ್ರೆ ನಿಮ್ಮ ಕೆಲಸಕ್ಕೇ ಕುತ್ತು.

ರೂಮ್ ಬಾಡಿಗೆ ಲೆಕ್ಕ ಮಾತ್ರ ಬೆರಳ ತುದೀಲಿರ್ಬೇಕು. ಪಾಲಿಸಿ 3 ಲಕ್ಷದ್ದು, ರೂಮಿಗೆ ದಿನಕ್ಕೆ 1 ಪರ್ಸೆಂಟ್ ಮಿತಿ ಅಂತಿಟ್ಕೊಳ್ಳಿ, ಅಂದ್ರೆ 3000. ಅವ್ರು 5000ದ ರೂಮ್ ತಗೊಂಡು 4 ದಿನ ಇದ್ರು. ದಿನಕ್ಕೆ 2000 ವ್ಯತ್ಯಾಸ, 8000 ಕೈಯಿಂದ ಕೊಟ್ರಾಯ್ತು ಅಂತ ಅವ್ರು ಅಂದ್ಕೊಂಡಿರ್ತಾರೆ. ಆದ್ರೆ ಬಹಳಷ್ಟು ಪಾಲಿಸೀಲಿ 3000 ಭಾಗಿಸು 5000, ಅಂದ್ರೆ 60 ಪರ್ಸೆಂಟ್ ಮಾತ್ರ ಕೊಡ್ತೀವಿ ಅನ್ನೋ ಕತ್ತರಿ ಸರ್ಜನ್ ಫೀಸು, ಓಟಿ, ಅನಸ್ತೇಷಿಯಾ, ನರ್ಸಿಂಗ್ ಇವಕ್ಕೂ ಬೀಳುತ್ತೆ. ಅವೆಲ್ಲ ಸೇರಿ 60 ಸಾವಿರ ಆಗಿದ್ರೆ 36 ಸಾವಿರ ಮಾತ್ರ ಪಾಸ್, 24 ಸಾವಿರ ಕಟ್. ಆ 8000 ಸೇರ್ಸಿದ್ರೆ 32 ಸಾವಿರ ಜೇಬಿಂದ. ಔಷಧಿ, ಇಂಪ್ಲಾಂಟು, ಟೆಸ್ಟುಗಳಿಗೆ ಈ ಕತ್ತರಿ ಇಲ್ಲ. ಇದನ್ನ ಅಡ್ಮಿಷನ್ ದಿನವೇ ಕಾಗದದ ಮೇಲೆ ಬರೆದು ತೋರಿಸಿ, ರೂಮ್ ಚೇಂಜ್ ಮಾಡ್ತೀರಾ ಅಂತ ಕೇಳಿ. ನಾನು ಮೊದಲ ವರ್ಷ ಇದನ್ನ ಹೇಳ್ದೆ ಡಿಸ್ಚಾರ್ಜ್ ದಿನ ಹೇಳಿ ಒಬ್ಬ ರೈತರನ್ನ ಅಳಿಸಿದೀನಿ, ಇವತ್ತಿಗೂ ಆ ಮುಖ ಮರ್ತಿಲ್ಲ.

ಸರ್ಕಾರಿ ಸ್ಕೀಮ್ ಬೇರೆಯದೇ ಲೋಕ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸ್ಕೀಮಲ್ಲಿ ಗೊತ್ತು ಮಾಡಿರೋ ದರ) 30 ಪರ್ಸೆಂಟ್, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮಿತಿ. ಎಮರ್ಜೆನ್ಸಿ ಬಿಟ್ರೆ ಖಾಸಗಿಗೆ ಬರೋಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಎಷ್ಟೋ ಜನ ರೆಫರಲ್ ಇಲ್ದೆ ನೇರ ಬಂದ್ಬಿಟ್ಟಿರ್ತಾರೆ, ಬಾಗಿಲಲ್ಲೇ ಕೇಳಿ ಹೇಳಿದ್ರೆ ಅವ್ರಿಗೆ ಒಂದು ದಿನ ಉಳಿಯುತ್ತೆ. ಇದಕ್ಕೆ ಅಂತ್ಲೇ ಆರೋಗ್ಯ ಮಿತ್ರ ಅನ್ನೋ ಹುದ್ದೆ ಇದೆ, ಅವ್ರ ಪಕ್ಕ ಒಂದು ವಾರ ಕೂತ್ರೆ ಯಾವ ಕ್ಲಾಸಲ್ಲೂ ಸಿಗದಷ್ಟು ಕಲೀಬಹುದು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಬೇರೆ ಇದೆ.

ಜನರ ಗಲಾಟೆ ನಂಗೆ ಆಗಿಬರಲ್ಲ ಅನ್ನೋರಿಗೆ ಎಂಆರ್‌ಡಿ, ಅಂದ್ರೆ ರೆಕಾರ್ಡ್ ರೂಮ್. ಅಲ್ಲಿ ಫೈಲಲ್ಲಿ ಹಾಳೆ ಪೂರ್ತಿ ಇದ್ಯಾ ನೋಡೋದು, ಐಸಿಡಿ ಕೋಡ್ (ಒಂದೊಂದು ಕಾಯಿಲೆಗೂ ಇರೋ ಅಂತರರಾಷ್ಟ್ರೀಯ ಕೋಡ್) ಹಾಕೋದು, ಹುಟ್ಟು, ಸಾವು ಎರಡನ್ನೂ 21 ದಿನದೊಳಗೆ ನೋಂದಣಿಗೆ ಕಳಿಸೋದು. ಪೇಷಂಟ್ ತನ್ನ ದಾಖಲೆ ಕೇಳಿದ್ರೆ 72 ಗಂಟೇಲಿ ಕೊಡ್ಬೇಕು, ಒಳರೋಗಿ ಫೈಲ್ ಕನಿಷ್ಠ 3 ವರ್ಷ ಇಟ್ಕೋಬೇಕು. ಪಕ್ಕದ್ಮನೆಯೋರು ಅಡ್ಮಿಟ್ ಆಗಿದಾರೆ ಏನಾಗಿದೆ ನೋಡು ಅಂತ ನಿಮ್ಮಮ್ಮನೇ ಫೋನ್ ಮಾಡಿದ್ರೂ ಫೈಲ್ ತೆಗೀಬಾರ್ದು. ಫೋಟೋ ಹೊಡೆದು ವಾಟ್ಸಾಪಲ್ಲಿ ಹಾಕಿ ಕೆಲಸ ಕಳ್ಕೊಂಡೋರನ್ನ ನೋಡಿದೀನಿ.

ಹಾಗಾದ್ರೆ ಕೋರ್ಸೇ ಬೇಡ್ವಾ ಅಂದ್ರೆ ಹಾಗಲ್ಲ. ಪ್ಯಾರಾಮೆಡಿಕಲ್ ಬೋರ್ಡಿನ ಮೆಡಿಕಲ್ ರೆಕಾರ್ಡ್ ಟೆಕ್ನಾಲಜಿ ಡಿಪ್ಲೊಮಾ ಎಂಆರ್‌ಡಿಗೆ ಒಳ್ಳೇದು, ಮಣಿಪಾಲದಲ್ಲಿ ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟಿನ ಬಿಎಸ್‌ಸಿ ಇದೆ, ಮುಂದೆ ಮ್ಯಾನೇಜರ್ ಆಗ್ಬೇಕು ಅಂದ್ರೆ ಡಿಗ್ರಿ ಮೇಲೆ ಎಂಎಚ್‌ಎ (ಆಸ್ಪತ್ರೆ ಆಡಳಿತದ ಮಾಸ್ಟರ್ ಡಿಗ್ರಿ). ಬೆಂಗಳೂರಲ್ಲಿ ಅಮೆರಿಕದ ಬಿಲ್ಲುಗಳಿಗೆ ಮಾಡೋ ಮೆಡಿಕಲ್ ಕೋಡಿಂಗ್ ಬೇರೇನೇ ದಾರಿ, ಅದನ್ನ ಇದರ ಜೊತೆ ಕಲೆಸಿ ಹೇಳೋ ಇನ್‌ಸ್ಟಿಟ್ಯೂಟ್ ಸಿಕ್ರೆ ಎದ್ದು ಬನ್ನಿ. ಯಾವ್ದೇ ಆದ್ರೂ ಸೇರೋ ಮೊದ್ಲು ಮೂರು ಕೇಳಿ, ಸರ್ಟಿಫಿಕೇಟ್ ಕೊಡೋದು ಯಾವ ಬೋರ್ಡು ಇಲ್ಲಾ ಯೂನಿವರ್ಸಿಟಿ, ಆಸ್ಪತ್ರೇಲಿ ಕೂರಿಸೋದು ಎಷ್ಟು ತಿಂಗ್ಳು, ಹೋದ ವರ್ಷದ ಮೂರು ಹುಡುಗ್ರ ಜೊತೆ ಮಾತಾಡಿಸ್ತೀರಾ. ಮೂರನೇದಕ್ಕೆ ತಡವರಿಸಿದ್ರೆ ಮುಗೀತು.

ನಮ್ಮಕ್ಕನ ಮಗಳು ಆ 45 ಸಾವಿರ ಕಟ್ಲಿಲ್ಲ, ಈಗ ಅವ್ರೂರಿನ ನರ್ಸಿಂಗ್ ಹೋಮಲ್ಲಿ ಕೂರ್ತಿದಾಳೆ. ಎರಡನೇ ದಿನ ರಾತ್ರಿ ಮೆಸೇಜ್ ಬಂತು, ಮಾವ ಕ್ಯಾಶಲ್ಲಿ 70 ರೂಪಾಯಿ ಜಾಸ್ತಿ ಬರ್ತಿದೆ ಏನ್ ಮಾಡ್ಲಿ ಅಂತ. ಜೇಬಿಗೆ ಹಾಕ್ಕೋಬೇಡ, ಜಾಸ್ತಿ ಅಂತ್ಲೇ ಬರೆದು ಸಹಿ ಹಾಕಿ ಹ್ಯಾಂಡೋವರ್ ಕೊಡು, ಬೆಳಿಗ್ಗೆ ಯಾರೋ ಚಿಲ್ಲರೆ ಕೇಳ್ಕೊಂಡು ಬಂದೇ ಬರ್ತಾರೆ ಅಂದೆ.